ಕೊನೆಯ ಹಾಳೆಯ ಅಂಚು

ಗ್ರಂಥಾಲಯದ ದುರಸ್ತಿ ಕೋಣೆಗೆ ಹೊರಗಿನವರು ಬರುವುದು ಅಪರೂಪ. ಮೂರನೆಯ ಮಹಡಿಯ ತುದಿಯಲ್ಲಿರುವ ಆ ಕೋಣೆಗೆ ಲಿಫ್ಟು ಹೋಗುವುದಿಲ್ಲ. ಕೊನೆಯ ಹದಿನೆಂಟು ಮೆಟ್ಟಿಲು ಹತ್ತಲೇಬೇಕು. ಹತ್ತಿ ಬಂದವರಿಗೆ ಮೊದಲು ಸಿಗುವುದು ಮೈದಾಹಿಟ್ಟಿನ ಅಂಟಿನ ವಾಸನೆ, ಆಮೇಲೆ ಉದ್ದನೆಯ ಮೇಜು, ಆಮೇಲೆ ಅದರ ಹಿಂದೆ ಕನ್ನಡಕವನ್ನು ಹಣೆಗೇರಿಸಿ ಕೂತ ಅಕ್ಕ. ಮೂವತ್ತಮೂರು ವರ್ಷದಿಂದ ಹಳೆಯ ಕೈಬರಹದ ಪುಸ್ತಕಗಳಿಗೆ ತೇಪೆ ಹಾಕುತ್ತ ಬಂದ ಅವಳನ್ನು ಕಾವಲುಗಾರನಿಂದ ಹಿಡಿದು ಮುಖ್ಯಸ್ಥೆಯವರೆಗೆ ಎಲ್ಲರೂ ಕರೆಯುವುದು ಹಾಗೇ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು ಉಳಿದಿತ್ತು.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ ಕೇಳಿಸಿತು. ಒಂದು ಭೂತಗನ್ನಡಿಯದು. ಅರಬ್ಬಿ ಪುಸ್ತಕಗಳನ್ನು ಓದಿ ಪಟ್ಟಿ ಮಾಡುವವನಿಗೆ ಅದೇ ಅಡ್ಡಹೆಸರು. ಊಟದ ಡಬ್ಬಿಯನ್ನೂ ಅವನು ಭೂತಗನ್ನಡಿ ಹಿಡಿದೇ ತೆರೆಯುತ್ತಾನೆ ಎಂದು ಕೆಳಗಿನವರ ತಮಾಷೆ. ಇನ್ನೊಂದು ಹೆಜ್ಜೆ ಎರಡೆರಡು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿತ್ತು. ಅದು ನಿಂತಾಗಲೆಲ್ಲ ಅವನೂ ನಿಂತು, ದಮ್ಮು ಕಟ್ಟಿದ್ದು ತನಗೇ ಎಂಬಂತೆ, "ಈ ಮೆಟ್ಟಿಲು ಕಟ್ಟಿದವನಿಗೆ ಮೊಣಕಾಲೇ ಇರ್ಲಿಲ್ಲ ಅನ್ಸತ್ತೆ," ಎನ್ನುತ್ತಿದ್ದ. ಅವನ ಈ ಬಗೆಯ ಸಣ್ಣ ಸುಳ್ಳುಗಳು ಅಕ್ಕನಿಗೆ ಇಷ್ಟ.

ಬಾಗಿಲಲ್ಲಿ ಕಾಣಿಸಿಕೊಂಡಾಗ ಅವನ ಎರಡೂ ಕೈಯಲ್ಲಿ ಕಣ್ಣಿನ ವೈದ್ಯದ ಅರಬ್ಬಿ ಪುಸ್ತಕವಿತ್ತು. ಮುಂಬಾಗಿಲ ಗಾಜಿನ ಪೆಟ್ಟಿಗೆಯಲ್ಲಿಟ್ಟು ಅತಿಥಿಗಳಿಗೆಲ್ಲ ತೋರಿಸುವ ಪುಸ್ತಕ ಅದು. ಕಡುಗೆಂಪು ಚರ್ಮ, ಕೈಯಾಡಿಸಿದರೆ ಬೆಣ್ಣೆಯಂತೆ ಜಾರುವ ಮೂರೂ ಅಂಚು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅಕ್ಕನೇ ಕಟ್ಟಿದ್ದು. ಅದನ್ನು ನೋಡಿ, "ಇದು ಯಾರ ಕೈಕೆಲಸ?" ಎಂದು ಯಾರಾದರೂ ಕೇಳಿದ ದಿನ ಅವಳು ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನಗುತ್ತಲೇ ಮನೆಗೆ ಹೋಗುತ್ತಿದ್ದಳು.

"ಅಕ್ಕ, ಇವರು ಈ ಪುಸ್ತಕದ ಮನೆಯವರು," ಎಂದ ಭೂತಗನ್ನಡಿ.

"ಮನೆಯವಳು ಹೌದೋ ಅಲ್ವೋ ಅಂತ ಕೇಳೋಕೇ ನಾನು ಬಂದಿರೋದು," ಎಂದರು ಜೊತೆಯಲ್ಲಿದ್ದ ಹೆಂಗಸು. ಅರವತ್ತಾರು ವರ್ಷವಿದ್ದೀತು. ಸಣಕಲು ಮೈ, ಹೆಗಲಲ್ಲಿ ಬಟ್ಟೆಯ ಚೀಲ, ಎಡಗೈ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಗಡುಸಾಗಿತ್ತು. "ನಮ್ಮ ಬೀದೀಲಿ ನನ್ನ ಟೈಲರಮ್ಮ ಅಂತಾರೆ. ನೀವೂ ಹಾಗೇ ಅನ್ನಿ."

ಅಕ್ಕ ಸ್ಟೂಲು ಎಳೆದು ಕೊಟ್ಟಳು. "ನೀರು ಕುಡೀತೀರಾ? ಆದ್ರೆ ಆ ಕಿಟಕಿ ಹತ್ರ ಹೋಗಿ ಕುಡೀಬೇಕು. ಪುಸ್ತಕದ ಎದುರಿಗೆ ನೀರು ತರೋ ಹಾಗಿಲ್ಲ."

"ನನ್ನ ಅಂಗಡೀಲೂ ಅಷ್ಟೇ. ಬಟ್ಟೆ ಹತ್ರ ಯಾರಾದ್ರೂ ಟೀ ತಂದ್ರೆ ಕತ್ತರಿ ತೋರಿಸ್ತೀನಿ."

ಟೈಲರಮ್ಮ ನೀರು ಕುಡಿದು ಬಂದು, ಬಂದ ಕಾರಣ ಹೇಳಿದರು. ಅವರ ಅಪ್ಪ ಕಣ್ಣಿಗೆ ಔಷಧಿ ಹಾಕುವವರು. ಈ ಪುಸ್ತಕ ಅವರಿಗೆ ಅವರ ಗುರುವಿನಿಂದ ಬಂದದ್ದು, ಗುರುವಿಗೆ ಇನ್ನಾರಿಂದಲೋ. ಯಾರ ಕೈಗೆ ಬಂದರೂ ಅವರು ಕೊನೆಯ ಖಾಲಿ ಹಾಳೆಯಲ್ಲಿ ತಮ್ಮ ಮನೆಯ ಹುಟ್ಟು ಸಾವು ಬರೆದಿಡುವುದು ರೂಢಿ. ಭೂತಗನ್ನಡಿ ಆ ಹಾಳೆ ತೆರೆದು ಮೇಲಿನಿಂದ ತೋರಿಸಿದ. ಇನ್ನೂರು ವರ್ಷದ ಹಿಂದೆ ಒಬ್ಬ ಒಡೆಯ ತನ್ನ ಮಗ ಹುಟ್ಟಿದ ದಿನವಲ್ಲದೆ ಅವನಿಗೆ ಮೊದಲ ಹಲ್ಲು ಬಂದ ದಿನವನ್ನೂ ಬರೆದಿದ್ದ. ಅವನ ಕೆಳಗೆ ಇನ್ನೊಬ್ಬ ಒಡೆಯ ತನ್ನ ಮಗಳ ಸಾವನ್ನು ಬರೆದು, ಮುಂದಿನ ಒಂಬತ್ತು ವರ್ಷ ಏನನ್ನೂ ಬರೆದಿರಲಿಲ್ಲ. ಹೀಗೆ ತುಂಬಿ ತುಂಬಿ ಹಾಳೆಯ ಕೆಳಭಾಗಕ್ಕೆ ಬರುವ ಹೊತ್ತಿಗೆ ಟೈಲರಮ್ಮನ ಅಪ್ಪನ ಅಕ್ಷರ ಶುರುವಾಗುತ್ತಿತ್ತು.

"ಇಲ್ಲಿ ನಾಲ್ಕು ಹೆಸರಿದೆ," ಎಂದ ಅವನು. "ಎರಡು ಗಂಡು, ಎರಡು ಹೆಣ್ಣು."

"ಗೊತ್ತು. ಇಬ್ಬರು ಅಣ್ಣಂದಿರು, ಇಬ್ಬರು ಅಕ್ಕಂದಿರು. ಎಲ್ಲ ಅಪ್ಪನ ಮೊದಲನೇ ಹೆಂಡತಿ ಮಕ್ಕಳು. ನಾನು ಐದನೇದು, ಎರಡನೇ ಅಮ್ಮನ ಮಗಳು. ಹಾಗಂತ ಅರವತ್ತಾರು ವರ್ಷ ತಿಳಿದಿದ್ದೆ." ಟೈಲರಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಈಗ ಉಳಿದಿರೋದು ನಾನು, ದೊಡ್ಡಣ್ಣ, ಇಬ್ಬರೇ. ಅವನಿಗೆ ಮದುವೆ ಇಲ್ಲ ಮಕ್ಕಳಿಲ್ಲ. ಈಗ ಕಣ್ಣೂ ಕಾಣಲ್ಲ. ಕಣ್ಣಿನ ಡಾಕ್ಟರ ಮಗ ನೋಡಿ, ದೀಪದ ಬುಡಕ್ಕೇ ಕತ್ತಲೆ. ಹೋದ ತಿಂಗಳು ಹೋಗಿ, ನನ್ನ ಮನೇಲಿ ಬಂದಿರು ಅಂದೆ. 'ಯಾವ ಸಂಬಂಧಕ್ಕೆ?' ಅಂದ."

ಟೈಲರಮ್ಮ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡರು.

"ಅವನಿಗೆ ಎಂಟು ವರ್ಷ ಇದ್ದಾಗ ನಾಲ್ಕೂ ಮಕ್ಕಳನ್ನ ಮಾವನ ಮನೆಗೆ ಕಳಿಸಿದ್ರಂತೆ. ಐದು ತಿಂಗಳು ಬಿಟ್ಟು ವಾಪಸು ಬಂದ್ರೆ ಹೆತ್ತ ತಾಯಿ ಇಲ್ಲ. ಜ್ವರ ಬಂದು ಹೋದಳು ಅಂದ್ರಂತೆ. ಅವಳ ಜಾಗದಲ್ಲಿ ಗುರುತಿಲ್ಲದ ಹೆಂಗಸು, ಅವಳ ಎದೇಲಿ ಹಾಲು ಕುಡಿಯೋ ಮಗು. ಆ ಮಗು ನಾನು. ಅಪ್ಪ ಅಮ್ಮನ ಮದುವೆಗೆ ಮುಂಚೆನೇ ಹುಟ್ಟಿದವಳು ನಾನು ಅನ್ನೋದು ಹೋದ ತಿಂಗಳವರೆಗೂ ನನಗೆ ಗೊತ್ತಿರ್ಲಿಲ್ಲ. 'ನೀನು ಅವಳ ಜೊತೆ ಬಂದವಳು, ನಮ್ಮಪ್ಪನಿಗೆ ಹುಟ್ಟಿದವಳಲ್ಲ' ಅಂದ. ನಾನು ಸುಳ್ಳು ಅಂದೆ. 'ಪುಸ್ತಕದಲ್ಲಿ ನಿನ್ನನ್ನ ಬರೆದೇ ಇಲ್ಲ, ಹೋಗಿ ನೋಡು' ಅಂದ. ಅಪ್ಪ ಇರೋವರೆಗೂ ಇದನ್ನ ಯಾರೂ ಮುಟ್ಟೋ ಹಾಗಿರ್ಲಿಲ್ಲ. ಅಪ್ಪ ಹೋದ ವಾರಕ್ಕೇ ಅಣ್ಣ ಇಲ್ಲಿಗೆ ಕೊಟ್ಟುಬಿಟ್ಟ. ಕಟ್ಟಿ ಮುಗಿದ ಮೇಲೆ ಬಂದು ನೋಡಿ ಅಂತ ನೀವು ಕರೆದ್ರಂತೆ. ಅವನಿಗೆ ಅಪ್ಪ ಹೆಸರು ಓದೋವಷ್ಟು ಅಕ್ಷರ ಕಲಿಸಿದ್ರು. ಬಂದು ಎಣಿಸಿಕೊಂಡು ಹೋಗಿದ್ದಾನೆ. ನಾಲ್ಕು."

ಅವರು ಎದ್ದು ಹಾಳೆಯ ಮೇಲೆ ಬಾಗಿದರು. ಓದಲು ಬಾರದವರು ನೋಡುವಂತೆ ನೋಡಲಿಲ್ಲ. ಬಟ್ಟೆ ಪರೀಕ್ಷಿಸುವಂತೆ ನೋಡಿದರು. ಬೆರಳು ಕಾಗದಕ್ಕೆ ತಾಕದಂತೆ ಕೆಳಗಿನ ಅಂಚಿನುದ್ದಕ್ಕೂ ಹೋಗಿ ಒಂದು ಕಡೆ ನಿಂತಿತು.

"ಇದು ಹರಿದದ್ದಲ್ಲ. ಕತ್ತರಿಸಿದ್ದು."

"ಏನಮ್ಮಾ?" ಎಂದ ಭೂತಗನ್ನಡಿ.

"ಐವತ್ತು ವರ್ಷ ಕತ್ತರಿ ಹಿಡಿದವಳು ನಾನು. ಒಂದೇ ಏಟಿಗೆ ನೇರ ಕತ್ತರಿಸಿದ್ದಾರೆ. ಒಳ್ಳೇ ಕೈ. ಮತ್ತೆ ಅಂಚಲ್ಲಿ ಈ ಕಪ್ಪು ಚುಕ್ಕಿಗಳು ಏನು?"

ಅವನು ಗಾಜು ಹಿಡಿದು ಬಾಗಿದ. ನಾಲ್ಕನೆಯ ಹೆಸರಿನ ಕೆಳಗೆ, ಅಂಚಿನ ಕೊನೆಯಲ್ಲಿ, ಬೇಲಿಯ ಗೂಟಗಳ ತುದಿಯಂಥ ಏಳೆಂಟು ಸಣ್ಣ ಗೀಟುಗಳಿದ್ದವು. ಪಟ್ಟಿ ಮಾಡುವಾಗ ಅವನು ಅದನ್ನು ಶಾಯಿಯ ಕಲೆ ಎಂದು ಬರೆದಿದ್ದ. ಈಗ ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಅಕ್ಕನ ಕಡೆ ನೋಡಿದ. "ಉದ್ದ ಅಕ್ಷರಗಳ ತಲೆ. ಇಲ್ಲೊಂದು ಸಾಲಿತ್ತು ಅಕ್ಕ."

ಈ ಹಾಳೆಯನ್ನು ಅವಳು ಮರೆತಿದ್ದಳು, ಆದರೆ ಕೈ ಮರೆತಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಇದೇ ಮೇಜಿನ ತುದಿಯಲ್ಲಿ ಕತ್ತರಿಸುವ ಯಂತ್ರವಿತ್ತು. ಪುಸ್ತಕ ಬಂದಾಗ ಅಂಚೆಲ್ಲ ಹುಳು ತಿಂದು ಜರಡಿಯಾಗಿತ್ತು. ಕೆಲಸ ಕಲಿಸಿದ ಗೋಂದಜ್ಜ ಬೀಡಿ ಕಚ್ಚಿದ್ದ ಬಾಯಲ್ಲೇ, "ಅಂಚು ಸಾಫ್ ಮಾಡು," ಎಂದಿದ್ದ. ಕೊನೆಯ ಹಾಳೆಯಲ್ಲಿ ಬರಹ ಇದೆಯಲ್ಲ ಎಂದು ಅವಳು ಕೇಳಿದ್ದಳು, ಅಷ್ಟು ನೆನಪಿದೆ. "ಅದು ಪುಸ್ತಕ ಅಲ್ಲ ಮಗಳೇ. ಪುಸ್ತಕ ಮುಗಿದ ಮೇಲೆ ಒಡೆಯರು ಗೀಚಿದ್ದು," ಎಂದಿದ್ದ ಅಜ್ಜ. ಅವಳು ಯಂತ್ರದ ಹಿಡಿಕೆ ಎಳೆದಿದ್ದಳು. ಎಷ್ಟು ನೇರ ಕತ್ತರಿಸಿದೆ ಎಂದು ಅಜ್ಜ ಬೆನ್ನು ತಟ್ಟಿದ್ದ.

"ಹಳೇ ಪುಸ್ತಕ ಅಲ್ವಾ," ಎಂದಿತು ಅವಳ ಬಾಯಿ. "ಯಾವ ಕಾಲದಲ್ಲಿ ಯಾರು ಕತ್ತರಿಸಿದ್ರೋ."

"ಪಾಪ, ಅವರಿಗೇನು ಗೊತ್ತಿತ್ತು," ಎಂದರು ಟೈಲರಮ್ಮ.

ಬೈದಿದ್ದರೆ ಚೆನ್ನಾಗಿತ್ತು. ಆ 'ಪಾಪ' ಕೇಳಿ ಅಕ್ಕ, ಸರಿಯಾಗಿಯೇ ಇದ್ದ ಕುಂಚಗಳನ್ನು ಮತ್ತೆ ಜೋಡಿಸಿಟ್ಟಳು. ಭೂತಗನ್ನಡಿ ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಪಟ್ಟಿ ತಿದ್ದಲೆಂದು ಕೆಳಗೆ ಹೋದ. ಟೈಲರಮ್ಮ ಇಳಿಯುವ ಮುನ್ನ ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆ ಎಂದು ಕಿಟಕಿಯ ಹತ್ತಿರ ಕೂತರು. ಕೂತವರ ಕಣ್ಣು ಅಕ್ಕನ ಏಪ್ರನ್ನಿನ ಮೇಲೆ ಬಿತ್ತು.

"ಜೇಬು ಕಿತ್ತುಹೋಗಿದೆಯಲ್ರೀ. ಕೊಡಿ ಇಲ್ಲಿ."

"ಅಯ್ಯೋ ಬೇಡಿ, ಅದು ಹಾಗೇ ಇದೆ ವರ್ಷದಿಂದ."

"ಊರಿನ ಪುಸ್ತಕ ಎಲ್ಲ ಹೊಲೀತೀರಿ, ನಿಮ್ಮ ಜೇಬಿಗೆ ಪುರುಸೊತ್ತಿಲ್ಲ. ಕೊಡಿ, ಕೈ ಖಾಲಿ ಇದ್ರೆ ನನಗೆ ಅಳು ಬರತ್ತೆ."

ಅಕ್ಕ ಬಿಚ್ಚಿ ಕೊಟ್ಟಳು. ಟೈಲರಮ್ಮ ಚೀಲದಿಂದ ಸೂಜಿ ತೆಗೆದರು. ಮೂರು ಬಗೆಯ ಬೂದುಬಣ್ಣದ ದಾರ ಬೆಳಕಿಗೆ ಹಿಡಿದು, ಹೊಂದುವುದನ್ನು ಆರಿಸಿದರು. ಹೊಲಿಗೆ ಸಣ್ಣಗೆ, ಒಂದೇ ಅಳತೆಯಲ್ಲಿ ಮುಂದೆ ಸಾಗಿತು. ಹೊರಗೆ ಬೀದಿಯಲ್ಲಿ ಲಾರಿಯೊಂದು ಹಿಮ್ಮುಖವಾಗಿ ಬರುವಾಗಿನ ಕೀಂ ಕೀಂ ಸದ್ದು. ಅಕ್ಕ ಆ ಸೂಜಿಯನ್ನೇ ನೋಡುತ್ತ ನಿಂತಿದ್ದಳು. ಗೋಂದಜ್ಜ ಸತ್ತು ಇಪ್ಪತ್ತು ವರ್ಷ. ಯಂತ್ರ ಗುಜರಿಗೆ ಹೋಯಿತು. ಯಾರೂ ಕೇಳುವುದಿಲ್ಲ. ನಾಲ್ಕು ತಿಂಗಳು ಕಣ್ಣು ಮುಚ್ಚಿದರೆ ಕಳೆದುಹೋಗುತ್ತದೆ.

ಟೈಲರಮ್ಮ ಗಂಟು ಹಾಕಿ ದಾರ ಕಚ್ಚಿದರು.

"ಕತ್ತರಿಸಿದ್ದು ನಾನು," ಎಂದಳು ಅಕ್ಕ.

ಟೈಲರಮ್ಮ ಏಪ್ರನ್ನು ಕೊಡಲೆಂದು ಚಾಚಿದ ಕೈಯನ್ನು ಹಾಗೇ ಹಿಡಿದಿದ್ದರು. ಅಕ್ಕ ಎಲ್ಲವನ್ನೂ ಹೇಳಿದಳು. ಅಜ್ಜ ಹೇಳಿದ್ದನ್ನು ಹೇಳಿದಳು. ಆಮೇಲೆ, ಅಜ್ಜನ ತಲೆಗೆ ಕಟ್ಟಬಾರದೆಂದು, ಬರಹ ಇರುವುದು ತನಗೆ ಕಂಡಿತ್ತು ಎಂಬುದನ್ನೂ ಹೇಳಿದಳು. ಕೇಳಿಸಿಕೊಂಡ ಟೈಲರಮ್ಮ ಕಿಟಕಿಯ ಕಡೆ ತಿರುಗಿದರು. "ಮೂವತ್ತೊಂದು ವರ್ಷ ಅವನು ನನ್ನ ಕೈಯಲ್ಲಿ ಒಂದು ಲೋಟ ನೀರು ಇಸ್ಕೊಂಡಿಲ್ಲ," ಎಂದರು. ಆಮೇಲೆ ಇತ್ತ ತಿರುಗಿದರು.

"ಕತ್ತರಿಸಿದ ಚೂರು ಏನು ಮಾಡಿದ್ರಿ?"

"ಏನು?"

"ಚೂರು. ನಾನು ಬೆರಳಗಲ ಬಟ್ಟೆನೂ ಎಸೆಯಲ್ಲ. ಕಾಲರಿನ ಒಳಗಾದ್ರೂ ಹಾಕ್ತೀನಿ. ನೀವು ಎಸೆದ್ರಾ?"

ಗೋಂದಜ್ಜನದೊಂದು ಕಟ್ಟುನಿಟ್ಟಿನ ನೇಮವಿತ್ತು. ಕೈಬರಹದ ಪುಸ್ತಕದ ಚೂರು ಕಸದ ಬುಟ್ಟಿಗೆ ಬೀಳಬಾರದು, ಯಾರ ಕಾಲಿಗೂ ಸಿಗಬಾರದು. ಪುಸ್ತಕದ ಕಸ ಪುಸ್ತಕದ ಹೊಟ್ಟೆಗೇ, ಎನ್ನುತ್ತಿದ್ದ. ಅಂಚಿನಿಂದ ಬಿದ್ದ ಪಟ್ಟಿಗಳನ್ನೆಲ್ಲ ಒಂದರ ಮೇಲೊಂದು ಅಂಟಿಸಿ ಅದೇ ಪುಸ್ತಕದ ಬೆನ್ನಿಗೆ ಒಳಪದರವಾಗಿ ಹಾಕಿ, ಮೇಲೆ ಚರ್ಮ ಹೊದಿಸುತ್ತಿದ್ದರು.

"ಒಳಗೇ ಇರಬಹುದು," ಎಂದಳು. "ಅಲ್ಲೇ ಇದೆ ಅಂತ ಆಣೆ ಮಾಡೋಕಾಗಲ್ಲ. ಆದ್ರೆ ಇರಬಹುದು."

ಮುಖ್ಯಸ್ಥೆ ಅಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಮಾತು ಕಡಿಮೆ. ಎಲ್ಲ ಕೇಳಿ, ಪುಸ್ತಕ ಬಿಚ್ಚುವ ಅನುಮತಿಯ ಫಾರಂ ಮುಂದಿಟ್ಟರು. "ಬಿಚ್ಚಿದ ಮೇಲೆ ಒಳಗೆ ಏನೂ ಇಲ್ಲದಿದ್ರೆ ಅಕ್ಕ?"

"ಆಗ ಬಿಚ್ಚಿದ ಪುಸ್ತಕ ಉಳಿಯತ್ತೆ."

"ಹೊಸದಾಗಿ ಕಟ್ಟೋಕೆ ನಾಲ್ಕು ತಿಂಗಳು ಸಾಕಾ?"

"ಸಾಲಲ್ಲ."

ಮುಖ್ಯಸ್ಥೆ ಪೆನ್ನು ಕೊಟ್ಟರು. "ಕಾರಣದ ಜಾಗದಲ್ಲಿ 'ಬೆನ್ನು ಸಡಿಲವಾಗಿದೆ' ಅಂತ ಬರೆದ್ರೆ ಸಾಕು. ಮೇಲಿನವರು ಯಾರೂ ಬಂದು ಅಲ್ಲಾಡಿಸಿ ನೋಡಲ್ಲ."

"ಸಡಿಲ ಆಗಿಲ್ಲ ಮೇಡಂ. ಅದು ನನ್ನ ಬೆನ್ನಿಗಿಂತ ಗಟ್ಟಿ ಇದೆ," ಎಂದು ಅಕ್ಕ, ನಡೆದದ್ದನ್ನು ನಡೆದಂತೆ ಎರಡು ಸಾಲಿನಲ್ಲಿ ಬರೆದು ಸಹಿ ಹಾಕಿದಳು. ಮುಖ್ಯಸ್ಥೆ ಓದಿ, ತಮ್ಮ ಸಹಿಯನ್ನು ಅವಳ ಸಹಿಯ ಪಕ್ಕದಲ್ಲೇ ಹಾಕಿದರು.

ನಾಲ್ಕನೆಯ ದಿನ ಬೆಳಿಗ್ಗೆ ಕೆಲಸ ಶುರುವಾಯಿತು. ಟೈಲರಮ್ಮ ಅಂಗಡಿ ಮುಚ್ಚಿ ಬಂದಿದ್ದರು. ಅಕ್ಕ ಮೊದಲು ಚರ್ಮವನ್ನು ಬೆನ್ನಿನ ಎರಡೂ ಕಡೆ ಸಣ್ಣ ಚಾಕುವಿನಿಂದ ಬಿಡಿಸಿದಳು. ಮೂವತ್ತೊಂದು ವರ್ಷದ ಹಿಂದಿನ ತನ್ನದೇ ಕೈಯ ಗಟ್ಟಿತನಕ್ಕೆ ಈಗಿನ ಕೈ ಸೋಲುತ್ತಿತ್ತು. ಎಷ್ಟು ಚೆನ್ನಾಗಿ ಅಂಟಿಸಿದ್ದೆಯೇ ಮಾರಾಯ್ತಿ, ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಚರ್ಮ ಎದ್ದು ಬಂದಾಗ ಅದರ ಕೆಳಗೆ, ನೇಯ್ದ ಚಾಪೆಯಂತೆ, ಹಳದಿ ಕಾಗದದ ಪಟ್ಟಿಗಳು.

ಒದ್ದೆ ಮಾಡಿ ಹಿಂಡಿದ ಉಣ್ಣೆಯ ತುಂಡನ್ನು ಮೇಲಿಟ್ಟು ಅಂಟು ಮೆತ್ತಗಾಗಲು ಕಾದರು. ಮೊದಲ ಪಟ್ಟಿ ಬಂತು, ಖಾಲಿ. ಎರಡನೆಯದು ಹುಳುವಿನ ತೂತು, ಖಾಲಿ. ಮೂರು, ನಾಲ್ಕು, ಐದು. ಪ್ರತಿ ಪಟ್ಟಿಯನ್ನೂ ಅಕ್ಕ ಚಿಮಟದಲ್ಲಿ ಎತ್ತಿ ಇಟ್ಟಾಗ ಟೈಲರಮ್ಮ ಅದನ್ನು ಅಳತೆಯ ಪ್ರಕಾರ ಸಾಲಾಗಿ ಜೋಡಿಸುತ್ತಿದ್ದರು. ಒಂಬತ್ತನೆಯ ಪಟ್ಟಿಯ ಅಡಿಯಿಂದ ಕಪ್ಪು ಕಾಣಿಸಿತು.

ಅಕ್ಕ ಹತ್ತಿಯ ತುದಿಯನ್ನು ಒದ್ದೆ ಮಾಡಿ ಒಂದು ಚುಕ್ಕೆಗೆ ತಾಕಿಸಿದಳು. ಹತ್ತಿ ಕಪ್ಪಾಯಿತು. ನೀರು ಕಂಡರೆ ಅಳಿಸಿಹೋಗುವ ಶಾಯಿ.

"ಈಗ?" ಎಂದ ಭೂತಗನ್ನಡಿ.

"ಈಗ ನಿಧಾನ."

ಹಿಂಬದಿಯಿಂದ, ಉಸಿರಿನಷ್ಟೇ ತೇವ ಕೊಟ್ಟು, ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡಿಸಬೇಕಾಯಿತು. ಎರಡು ಗಂಟೆ ಹಿಡಿಯಿತು. ಊಟದ ಹೊತ್ತು ದಾಟಿತು. ಕಾವಲುಗಾರ ಮೆಟ್ಟಿಲು ಹತ್ತಿ ಬಂದು, ಯಾರೂ ಕೇಳದಿದ್ದರೂ, ಕಿಟಕಿಯ ಹತ್ತಿರ ಮೂರು ಲೋಟ ಟೀ ಇಟ್ಟು ಸದ್ದಿಲ್ಲದೆ ಇಳಿದುಹೋದ. ಕೊನೆಗೆ ಪಟ್ಟಿ ಬಂತು. ಬೆರಳಗಲ, ಹಾಳೆಯುದ್ದ. ಅಕ್ಕ ಅದನ್ನು ಒಣ ಕಾಗದದ ಮೇಲಿಟ್ಟು, ಕೊನೆಯ ಹಾಳೆಯ ಅಂಚಿಗೆ ಸರಿಸಿದಳು. ಗೂಟಗಳ ತಲೆಗೆ ಗೂಟಗಳ ಮೈ ಕೂಡಿತು. ಎರಡು ಇಕ್ಕಟ್ಟಿನ ಸಾಲು.

ಭೂತಗನ್ನಡಿ ಓದಿದ, ಮೊದಲು ತನ್ನೊಳಗೇ.

"ಸುಳ್ಳು ಓದಬೇಡಿ," ಎಂದರು ಟೈಲರಮ್ಮ. "ನೀವು ಒಳ್ಳೆಯವರು. ಅದಕ್ಕೇ ಹೇಳ್ತಿದೀನಿ."

"ಇಲ್ಲಮ್ಮ. ಇದ್ದದ್ದೇ ಹೇಳ್ತೀನಿ." ಅವನು ಬೆರಳಿಟ್ಟು ಬಲದಿಂದ ಎಡಕ್ಕೆ ಹೋದ. "'ಮಕ್ಕಳನ್ನು ಗಾಡಿ ಹತ್ತಿಸಿದ ಮರುದಿನ, ಬುಧವಾರ, ಮಧ್ಯಾಹ್ನಕ್ಕೆ ಮುಂಚೆ, ಐದನೆಯದಾಗಿ ನನಗೆ ಮಗಳು ಹುಟ್ಟಿದಳು. ಅದೇ ದಿನ ಹೊತ್ತು ಮುಳುಗುವಾಗ ಅವಳ ತಾಯಿ, ಈ ಐವರ ತಾಯಿ, ತೀರಿಕೊಂಡಳು. ಮಗಳ ಹೆಸರು...' ಅಷ್ಟೇ. ಮುಂದೆ ಇಲ್ಲ."

"ಅಳಿಸಿಹೋಗಿದೆಯಾ?"

"ಅಳಿಸಿಲ್ಲ," ಎಂದಳು ಅಕ್ಕ. "ಕಾಗದದಲ್ಲಿ ಶಾಯಿ ತಾಕಿದ ಗುರುತೇ ಇಲ್ಲ. ಜಾಗ ಬಿಟ್ಟಿದ್ದಾರೆ. ಎರಡು ಬೆರಳಗಲ."

ಇಷ್ಟು ಇಕ್ಕಟ್ಟಿನಲ್ಲಿ, ಅಕ್ಷರದ ಮೇಲೆ ಅಕ್ಷರ ಹತ್ತಿಸಿ ಬರೆದವನು ಆ ಎರಡು ಬೆರಳಗಲವನ್ನು ಮಾತ್ರ ಮುಟ್ಟಿರಲಿಲ್ಲ. ಆಮೇಲೆ ಬರೆಯೋಣವೆಂದು ಬಿಟ್ಟನೋ, ಬರೆಯಲು ಕೂತಾಗಲೆಲ್ಲ ಮೇಲಿನ ಸಾಲು ಕಣ್ಣಿಗೆ ಬಿದ್ದು ಎದ್ದುಹೋದನೋ.

ಟೈಲರಮ್ಮ ಅಳಲಿಲ್ಲ. "ಈ ಐವರ ತಾಯಿ," ಎಂದರು. ಆಮೇಲೆ, "ಹಾಗಾದ್ರೆ ಅಮ್ಮ?" ಎಂದರು.

ಅಕ್ಕ ಚಿಮಟ ಕೆಳಗಿಟ್ಟಳು. ಟೈಲರಮ್ಮನೇ ಮುಂದುವರಿಸಿದರು.

"ಸಾಕಿದ ಅಮ್ಮನದೊಂದು ಮಗು ಹುಟ್ಟಿದ ವಾರಕ್ಕೇ ಹೋಗಿತ್ತು ಅಂತ ಯಾರೋ ಅಂದಿದ್ರು. ನಾನು ಕೇಳಿರ್ಲಿಲ್ಲ. ಹಾಲು ಕೊಡೋಕೆ ಬಂದವಳು, ಹಾಗೇ ಉಳಿದುಬಿಟ್ಟಳು. ಸಾಯೋವಾಗ ನನ್ನ ಕೈ ಹಿಡ್ಕೊಂಡು ಮೂರು ದಿನ ಇದ್ದಳು. ಮೂರು ದಿನ! ಒಂದು ಮಾತು ಹೇಳ್ಬಹುದಿತ್ತು." ಅವರು ತಮ್ಮ ಗಡುಸು ಬೆರಳನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. "ಅಪ್ಪನ್ನ ಹುಡ್ಕೊಂಡು ಬಂದೆ. ಅಪ್ಪ ಸಿಕ್ಕಿದ್ರು. ಅಮ್ಮ ಹೋದಳು."

ಅಕ್ಕನಿಗೆ ಒಂದು ಗಳಿಗೆ, ಈ ಬೆನ್ನು ಬಿಚ್ಚದೆಯೇ ಇರಬೇಕಿತ್ತು ಅನ್ನಿಸಿತು. ತಾನು ಕತ್ತರಿಸಿದ್ದೂ ತಪ್ಪು, ಕೂಡಿಸಿದ್ದೂ ತಪ್ಪೇ? ಅವಳು ಸ್ಟೂಲನ್ನು ಟೈಲರಮ್ಮನ ಪಕ್ಕಕ್ಕೆ ಎಳೆದುಕೊಂಡು ಕೂತಳು.

"ಅಣ್ಣನಿಗೆ ಫೋನು ಮಾಡ್ಬೇಕು," ಎಂದರು ಟೈಲರಮ್ಮ. "ನನ್ನ ನಂಬರಿಗೆ ಒಂದು ಬೇರೆ ಸದ್ದು ಹಾಕಿಸಿಕೊಂಡಿದ್ದಾನೆ. ಅದು ಬಂದ್ರೆ ಎತ್ತಲ್ಲ."

ಭೂತಗನ್ನಡಿ ತನ್ನ ಫೋನಿನಿಂದ ಮಾಡಿ, ಮೂವರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಒರಟು, ಮುದಿ ದನಿ ಬಂತು. ಅವನು ತಾನು ಯಾರೆಂದು ಹೇಳಿ, ಅಂಚು ಕತ್ತರಿಸಿದ್ದು, ಪಟ್ಟಿ ಸಿಕ್ಕಿದ್ದು ವಿವರಿಸಿ, ಎರಡೂ ಸಾಲನ್ನು ಓದಿದ. ಮೊದಲು ಅರಬ್ಬಿಯಲ್ಲಿ, ಆಮೇಲೆ ಅರ್ಥ. ಫೋನು ಕಡಿದುಹೋಯಿತೇನೋ ಎಂದು ಅವನು ಬಾಗಿ ನೋಡಿದ.

"ಯಾವ ವಾರ ಅಂದ್ರಿ?"

"ಬುಧವಾರ."

"ನಮ್ಮನ್ನ ಗಾಡಿ ಹತ್ತಿಸಿದ್ದು ಮಂಗಳವಾರ," ಎಂದಿತು ದನಿ. "ಹಟ ಮಾಡಿ ಒಂದು ದಿನ ಉಳಿದಿದ್ರೆ." ಆ ಕಡೆ ಕುರ್ಚಿ ಎಳೆದ ಸದ್ದು. "ಅಮ್ಮ ಹೋದ ದಿನ ನನಗೆ ಯಾರೂ ಹೇಳ್ಲಿಲ್ಲ. ಅರವತ್ತಾರು ವರ್ಷ ಯಾವ ದಿನ ಅಂತ ಗೊತ್ತಿಲ್ಲದೆ ಇದ್ದೆ. ಯಾವ ಹೊತ್ತು ಅಂದ್ರಿ?"

"ಹೊತ್ತು ಮುಳುಗುವಾಗ."

"ಅವಳು ಅಲ್ಲಿದಾಳಾ?"

"ಇದೀನಿ," ಎಂದರು ಟೈಲರಮ್ಮ.

ಅಣ್ಣ ಕ್ಷಮೆ ಕೇಳಲಿಲ್ಲ, ತಂಗಿ ಎಂದೂ ಕರೆಯಲಿಲ್ಲ. "ನನಗೆ ಕಣ್ಣು ಕಾಣಲ್ಲ," ಎಂದ. "ಅದನ್ನ ಯಾರಾದ್ರೂ ಇಲ್ಲಿಗೆ ಬಂದು ಇನ್ನೊಂದು ಸಲ ಓದಿ ಹೇಳ್ಬೇಕು."

"ನಾನೇ ಬರ್ತೀನಿ."

"ನಿನಗೆಲ್ಲಿ ಓದೋಕೆ ಬರತ್ತೆ?"

"ಬಾಯಿಪಾಠ ಮಾಡ್ಕೊಂಡು ಬರ್ತೀನಿ. ಅಪ್ಪ ಬರೆದ ಹಾಗೇ."

"ತಪ್ಪು ಹೇಳ್ಬೇಡ," ಎಂದು ಅವನು ಫೋನು ಇಟ್ಟ.

ಟೈಲರಮ್ಮ ಭೂತಗನ್ನಡಿಯ ಎದುರು ಶಾಲೆಯ ಹುಡುಗಿಯಂತೆ ಕೂತರು. ಅವನು ಎರಡೆರಡು ಪದ ಹೇಳಿಕೊಟ್ಟ, ಅವರು ಹೇಳಿದರು. ನಾಲಿಗೆ ತಡವರಿಸಿದಾಗ ಅವನು, "ನನಗೂ ಈ ಅಕ್ಷರ ಕಲಿಯೋಕೆ ಒಂದು ವರ್ಷ ಬೇಕಾಯ್ತು," ಎಂದ. ಅದೂ ಸುಳ್ಳೇ ಇರಬೇಕು. ಸಂಜೆ ನಾಲ್ಕರ ಹೊತ್ತಿಗೆ ಎರಡೂ ಸಾಲು ಬಂದವು. ಕೊನೆಯ ಪದ 'ಹೆಸರು'. ಅದಾದ ಮೇಲೆ ಏನು ಹೇಳಬೇಕೆಂದು ಟೈಲರಮ್ಮ ಇಬ್ಬರ ಮುಖವನ್ನೂ ನೋಡಿದರು.

"ನನ್ನ ಹೆಸರನ್ನ ಅಲ್ಲಿ ಬರೆಯೋಕೆ ಆಗಲ್ಲ ಅಲ್ವಾ?"

"ಆಗಲ್ಲ," ಎಂದಳು ಅಕ್ಕ. "ಅಲ್ಲಿ ನಾನು ಏನೂ ಮುಟ್ಟೋ ಹಾಗಿಲ್ಲ. ಇನ್ನು ಮುಂದೆ ಯಾರೂ ಮುಟ್ಟೋ ಹಾಗಿಲ್ಲ."

"ಸರಿ. ಅಣ್ಣನ ಎದುರು ಅಲ್ಲಿಗೆ ನಿಲ್ಲಿಸ್ತೀನಿ. ಹೆಸರು ಅವನೇ ಹೇಳಲಿ."

ಅವರು ಚೀಲ ಹೆಗಲಿಗೆ ಹಾಕಿಕೊಂಡು ಇಳಿಯತೊಡಗಿದರು. ಮೇಜಿನ ಮೇಲೆ ಬೆನ್ನಿಲ್ಲದ ಪುಸ್ತಕ, ಅದರ ಪಕ್ಕದಲ್ಲಿ ಹಳದಿ ಪಟ್ಟಿಗಳ ಸಾಲು. ಅಕ್ಕ ತೆಳುವಾದ ಕಾಗದದಿಂದ ಆ ಒಂದು ಪಟ್ಟಿಯನ್ನು ಅದರ ಹಾಳೆಗೆ ಕೂಡಿಸಲು ಅಂಟು ಕಲಸುತ್ತ, ಮೆಟ್ಟಿಲ ಕಡೆ ಕಿವಿಗೊಟ್ಟಳು. ಕೇಳಿಸುತ್ತಿತ್ತು. ಟೈಲರಮ್ಮ ಎರಡೆರಡು ಮೆಟ್ಟಿಲಿಗೊಮ್ಮೆ ನಿಂತು, ಗೊತ್ತಿಲ್ಲದ ಆ ಭಾಷೆಯ ಸಾಲುಗಳನ್ನು ಮೊದಲಿನಿಂದ ಹೇಳಿಕೊಳ್ಳುತ್ತಿದ್ದರು. ಕೊನೆಯ ಪದಕ್ಕೆ ಬಂದಾಗಲೆಲ್ಲ ದನಿ ನಿಲ್ಲುತ್ತಿತ್ತು, ಆಮೇಲೆ ಹೆಜ್ಜೆ.